ನೌರು: ಮಾಲು ಅವರದು, ಬೆಲೆ ಕಟ್ಟಿದವರು ಯಾರು?

ಚರ್ಚೆ ಆರಂಭಿಸಿದವರು: ಅರ್ಥಶಾಸ್ತ್ರ ಅಧ್ಯಾಪಕ, ಮೈಸೂರು

ಪೆಸಿಫಿಕ್ ಸಾಗರದ ನೌರು ದೇಶದ ಬಗ್ಗೆ ನಮ್ಮಲ್ಲಿ ಬರುವ ಬರಹಗಳೂ ವಿಡಿಯೊಗಳೂ ಹೆಚ್ಚುಕಡಿಮೆ ಒಂದೇ ಜಾಡು ಹಿಡಿದು ಸಾಗುತ್ತವೆ. ಫಾಸ್ಫೇಟ್ ಗಣಿಯಿಂದ ಇದ್ದಕ್ಕಿದ್ದಂತೆ ಶ್ರೀಮಂತರಾದ ದ್ವೀಪವಾಸಿಗಳು ಕಾರು, ವಿಮಾನ, ಕಟ್ಟಡ ಎಂದು ಹಣ ಚೆಲ್ಲಿ ಕೊನೆಗೆ ಬರಿಗೈಯಾದರು ಎಂಬುದೇ ಆ ಜಾಡು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ದೇಶದ ಭೂಗೋಳ, ಜನ, ಆಡಳಿತ, ಹಣಕಾಸು ಇವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ, ಹಣ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಿಂತ ಮಾಲಿಗೆ ಬೆಲೆ ಕಟ್ಟುವ ಅಧಿಕಾರ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಚರ್ಚೆ ಅಲ್ಲಿಂದ ಶುರುವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದೇಶದ ವಿಸ್ತೀರ್ಣ 21 ಚದರ ಕಿಲೋಮೀಟರ್. ವ್ಯಾಟಿಕನ್ ಮತ್ತು ಮೊನಾಕೊ ಬಿಟ್ಟರೆ ಇದಕ್ಕಿಂತ ಚಿಕ್ಕ ದೇಶ ಇನ್ನೊಂದಿಲ್ಲ. ಜನಸಂಖ್ಯೆ ಸುಮಾರು 12 ಸಾವಿರ. ಸಮಭಾಜಕ ವೃತ್ತಕ್ಕೆ ತುಸುವೇ ದಕ್ಷಿಣದಲ್ಲಿ ಒಂಟಿಯಾಗಿರುವ ಈ ದ್ವೀಪಕ್ಕೆ ಅತಿ ಹತ್ತಿರದ ನೆರೆಯೆಂದರೆ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ದೂರದ ಬನಾಬಾ ದ್ವೀಪ. ಅದು ಕಿರಿಬಾಟಿ ದೇಶಕ್ಕೆ ಸೇರಿದ್ದು. ನೌರುವಿನ ಬಾವುಟದಲ್ಲಿ ಈ ಭೂಗೋಳವೇ ಚಿತ್ರವಾಗಿದೆ: ನೀಲಿ ಬಟ್ಟೆಯ ನಡುವಿನ ಹಳದಿ ಗೆರೆ ಸಮಭಾಜಕ ವೃತ್ತವನ್ನೂ, ಅದರ ಕೆಳಗಿನ ಬಿಳಿ ನಕ್ಷತ್ರ ದ್ವೀಪವನ್ನೂ, ನಕ್ಷತ್ರದ 12 ಮೊನೆಗಳು ಅಲ್ಲಿನ 12 ಮೂಲ ಕುಲಗಳನ್ನೂ ಸೂಚಿಸುತ್ತವೆ.

1888ರಲ್ಲಿ ಜರ್ಮನಿ ಈ ದ್ವೀಪವನ್ನು ತನ್ನದೆಂದು ಘೋಷಿಸಿಕೊಂಡಿತು. 1900ರ ಹೊತ್ತಿಗೆ, ಸಿಡ್ನಿಯ ಕಂಪನಿ ಕಚೇರಿಯೊಂದರಲ್ಲಿ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ನೌರುವಿನ ಕಲ್ಲೊಂದನ್ನು ಆಲ್ಬರ್ಟ್ ಎಲ್ಲಿಸ್ ಎಂಬ ಉದ್ಯೋಗಿ ಪರೀಕ್ಷೆ ಮಾಡಿಸಿದಾಗ ಅದು ಉತ್ಕೃಷ್ಟ ದರ್ಜೆಯ ಫಾಸ್ಫೇಟ್ ಎಂದು ತಿಳಿಯಿತು. ಕೆಲವೇ ವರ್ಷಗಳಲ್ಲಿ ಗಣಿಗಾರಿಕೆ ಆರಂಭವಾಯಿತು. ಆಗ ನೆಲದ ಒಡೆಯರಿಗೆ ಸಿಗುತ್ತಿದ್ದ ರಾಜಧನ ಟನ್ನಿಗೆ ಅರ್ಧ ಪೆನ್ನಿ. 1914ರಲ್ಲಿ ಆಸ್ಟ್ರೇಲಿಯದ ಪಡೆ ದ್ವೀಪವನ್ನು ವಶಪಡಿಸಿಕೊಂಡಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟನ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು ಫಾಸ್ಫೇಟನ್ನು ಕ್ರಮವಾಗಿ ಶೇ 42, ಶೇ 42, ಶೇ 16ರಂತೆ ಹಂಚಿಕೊಂಡವು. ಇದಕ್ಕಾಗಿ ರಚನೆಯಾದ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಸಂಸ್ಥೆ ಮಾಲನ್ನು ಆ ಮೂರು ದೇಶಗಳಿಗೆ ಉತ್ಪಾದನಾ ವೆಚ್ಚದ ದರದಲ್ಲೇ ಕೊಡಬೇಕಿತ್ತು. ಲಾಭವೇ ತೋರಿಸದ ವ್ಯವಹಾರದಲ್ಲಿ ಲಾಭದ ಪಾಲು ಕೇಳಲು ದ್ವೀಪದವರಿಗೆ ದಾರಿಯಾದರೂ ಎಲ್ಲಿತ್ತು? ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಹುಲ್ಲುಗಾವಲುಗಳು, ಗೋಧಿ ಹೊಲಗಳು ದಶಕಗಳ ಕಾಲ ಅಗ್ಗದ ಗೊಬ್ಬರ ಉಂಡದ್ದು ಈ ಲೆಕ್ಕದ ಮೇಲೆ.

1968ರ ಜನವರಿ 31ರಂದು ಸ್ವಾತಂತ್ರ್ಯ ಬಂತು. ಗಣಿಯ ಯಂತ್ರ, ಕಟ್ಟಡ, ಸಾಗಣೆ ವ್ಯವಸ್ಥೆಯನ್ನೆಲ್ಲ ನೌರು ಸರ್ಕಾರವು 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆತ್ತು ಕೊಂಡುಕೊಂಡಿತು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ತಮ್ಮದೇ ನೆಲವನ್ನು ಅಗೆಯಲು ಬಳಸಿದ ಸಲಕರಣೆಗೆ ಅವರೇ ಹಣ ಕೊಟ್ಟು, 1970ರಲ್ಲಿ ಗಣಿಯ ಪೂರ್ಣ ಹಿಡಿತ ಪಡೆದರು.

ಉತ್ತರ: ನಿವೃತ್ತ ಭೂಗೋಳ ಶಿಕ್ಷಕ, ಶಿವಮೊಗ್ಗ

ಅಧ್ಯಾಪಕರು ಇತಿಹಾಸದಿಂದ ಆರಂಭಿಸಿದ್ದಾರೆ. ನಾನು ನೆಲದಿಂದ ಆರಂಭಿಸುತ್ತೇನೆ, ಏಕೆಂದರೆ ಅಗೆದ ನಂತರ ಅಲ್ಲಿ ಏನು ಉಳಿಯುತ್ತದೆ ಎಂಬುದನ್ನು ಕಣ್ಣ ಮುಂದೆ ತಂದುಕೊಳ್ಳದೆ ಅಲ್ಲಿನ ಯಾವ ಸಮಸ್ಯೆಯೂ ಸರಿಯಾಗಿ ಅರ್ಥವಾಗುವುದಿಲ್ಲ.

ನೌರು ಮೇಲೆದ್ದು ನಿಂತ ಹವಳದ ದ್ವೀಪ. ಅಂಚಿನಲ್ಲಿ ತೆಂಗು ಬೆಳೆಯುವ, ಕೆಲವು ನೂರು ಮೀಟರ್ ಅಗಲದ ಕರಾವಳಿ ಪಟ್ಟಿ; ಅದರ ಹಿಂದೆ ಕಡಿದಾದ ಏರು; ಏರಿನ ಮೇಲೆ 'ಟಾಪ್‌ಸೈಡ್' ಎಂದು ಅವರು ಕರೆಯುವ ಪ್ರಸ್ಥಭೂಮಿ. ಈ ಪ್ರಸ್ಥಭೂಮಿಯೇ ದೇಶದ ಸುಮಾರು ಶೇ 80ರಷ್ಟು ಭಾಗ, ಗಣಿ ನಡೆದದ್ದೂ ಅಲ್ಲಿಯೇ. ಫಾಸ್ಫೇಟ್ ಅಲ್ಲಿ ಹಾಸುಗಲ್ಲಿನಂತೆ ಒಂದೇ ಪದರವಾಗಿ ಇರಲಿಲ್ಲ. ಪುರಾತನ ಸುಣ್ಣಕಲ್ಲಿನ ಚೂಪು ಕಂಬಗಳ ನಡುವಿನ ಸಂದುಗಳಲ್ಲಿ ಅದು ತುಂಬಿಕೊಂಡಿತ್ತು. ಕ್ರೇನಿನ ಬಾಚಿಯಿಂದ ಸಂದುಗಳಲ್ಲಿದ್ದುದನ್ನು ಎತ್ತಿ ತೆಗೆದ ಮೇಲೆ, ಮನುಷ್ಯನ ಎತ್ತರವನ್ನು ಎಷ್ಟೋ ಪಟ್ಟು ಮೀರಿದ ಬೂದು ಬಣ್ಣದ ಕಲ್ಲುಕಂಬಗಳು ಮಾತ್ರ ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ನಡುವೆ ನಡೆಯಲು ಆಗುವುದಿಲ್ಲ, ಉಳಲು ಆಗುವುದಿಲ್ಲ, ಮನೆ ಕಟ್ಟಲೂ ಆಗುವುದಿಲ್ಲ. ಮೇಲ್ಮಣ್ಣನ್ನು ಮತ್ತೆ ಹರಡಿ ಗಿಡ ನೆಡುವ ಸಾಮಾನ್ಯ ಕ್ರಮ ಇಲ್ಲಿ ನಡೆಯದು. ಮೊದಲು ಕಂಬಗಳನ್ನು ಒಡೆದು ನೆಲ ಸಮ ಮಾಡಬೇಕು. ಆದ್ದರಿಂದ ಬದುಕೆಲ್ಲ ಕರಾವಳಿ ಪಟ್ಟಿಗೆ ಒತ್ತಿಕೊಂಡಿದೆ. ದ್ವೀಪವನ್ನು ಸುತ್ತುವ ರಸ್ತೆ 19 ಕಿಲೋಮೀಟರಿಗಿಂತ ಹೆಚ್ಚಿಲ್ಲ. ವಿಮಾನದ ರನ್‌ವೇ, ಸಂಸತ್ತು, ಆಸ್ಪತ್ರೆ, ಮನೆಗಳು ಎಲ್ಲವೂ ಅದರ ಆಚೀಚೆಯೇ. ಸಮುದ್ರಮಟ್ಟ ಏರಿದರೆ ಮೊದಲು ಪೆಟ್ಟು ತಿನ್ನುವುದೂ ಇದೇ ಪಟ್ಟಿ.

ನದಿಯಿಲ್ಲ, ಹೊಳೆಯಿಲ್ಲ. ಮಳೆ ಬಂದರೆ ಮನೆಯ ಮಾಡಿನ ನೀರನ್ನು ತೊಟ್ಟಿಯಲ್ಲಿ ಹಿಡಿಯುತ್ತಾರೆ. ಬರಗಾಲ ಬಂದರೆ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳೇ ಗತಿ. ಒಳನಾಡಿನಲ್ಲಿ ಹಸಿರು ಎಂದು ಹೇಳಬಹುದಾದದ್ದು ಬುವಾಡ ಎಂಬ ತಗ್ಗು. ಅಲ್ಲೊಂದು ಸವಳು ಕೆರೆಯಿದೆ. ಸಮುದ್ರದ ದಂಡೆಯಲ್ಲಿ ಹಾಲುಮೀನಿನ ಮರಿಗಳನ್ನು ಹಿಡಿದು ತಂದು, ನಿಧಾನವಾಗಿ ಸಿಹಿನೀರಿಗೆ ಹೊಂದಿಸಿ, ಈ ಕೆರೆಯಲ್ಲಿ ಸಾಕಿ ದೊಡ್ಡದು ಮಾಡುವುದು ಅವರ ಹಳೆಯ ಪದ್ಧತಿ. ಕೆರೆಯ ಭಾಗಗಳ ಮೇಲೆ ಕುಟುಂಬಗಳಿಗೆ ಹಕ್ಕುಗಳಿದ್ದವು. 1960ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ತಿಲಾಪಿಯ ಮೀನು ಆ ಕೃಷಿಯನ್ನು ಕೆಡಿಸಿತು. ಟಾಪ್‌ಸೈಡ್‌ನಲ್ಲಿ ಸಂಜೆ ಗೂಡಿಗೆ ಮರಳುವ 'ನಾಡ್ಡಿ' ಎಂಬ ಕಪ್ಪು ಕಡಲಹಕ್ಕಿಗಳನ್ನು ಬಲೆಯಿಂದ ಹಿಡಿಯುವ ಪದ್ಧತಿ ಮಾತ್ರ ಇಂದಿಗೂ ಉಳಿದಿದೆ. ಇಷ್ಟು ಜಾಣ್ಮೆಯಿಂದ ಬದುಕುತ್ತಿದ್ದ ಜನ ಹಡಗಿನಲ್ಲಿ ಬರುವ ಅಕ್ಕಿ, ಡಬ್ಬಿಯ ಮಾಂಸ, ಸಕ್ಕರೆ ಪಾನೀಯಗಳ ಮೇಲೆ ನಿಲ್ಲಬೇಕಾಯಿತು. ಸಕ್ಕರೆ ಕಾಯಿಲೆ ಮತ್ತು ಸ್ಥೂಲಕಾಯದ ಪ್ರಮಾಣದಲ್ಲಿ ಆ ದೇಶ ಜಗತ್ತಿನ ಮೊದಲ ಸಾಲಿನಲ್ಲಿರುವುದಕ್ಕೆ ಈ ಹಿನ್ನೆಲೆಯಿದೆ. ಅದನ್ನು ನಗೆಪಾಟಲು ಮಾಡುವ ವಿಡಿಯೊಗಳನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಉತ್ತರ: ಲೆಕ್ಕಪರಿಶೋಧಕಿ, ಬೆಂಗಳೂರು

ಅಧ್ಯಾಪಕರೇ, ನಿಮ್ಮ ವಾದದ ಮೊದಲ ಭಾಗವನ್ನು ಒಪ್ಪುತ್ತೇನೆ, ಆದರೆ ಲೆಕ್ಕವನ್ನು 1968ಕ್ಕೇ ನಿಲ್ಲಿಸಬಾರದು. ಸ್ವಾತಂತ್ರ್ಯದ ಹೊತ್ತಿಗೆ ಅಗೆದಿದ್ದದ್ದು ಗಣಿಭೂಮಿಯ ಸುಮಾರು ಮೂರನೆಯ ಒಂದು ಭಾಗ. ಉಳಿದ ಎರಡು ಭಾಗವನ್ನು ಅಗೆದು ಮಾರಿದ್ದು ನೌರುವಿನದೇ ಸರ್ಕಾರ, ಅದೂ ಜಾಗತಿಕ ಮಾರುಕಟ್ಟೆಯ ದರದಲ್ಲಿ. 1970ರ ದಶಕದಲ್ಲಿ ತಲಾ ಆದಾಯದಲ್ಲಿ ಅದು ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ಬೆಲೆ ಕಟ್ಟುವ ಅಧಿಕಾರ ಕೈಗೆ ಬಂದ ಮೇಲೆ ಆದದ್ದೇನು ಎಂಬುದನ್ನೂ ಅಷ್ಟೇ ನಿಷ್ಠುರವಾಗಿ ನೋಡಬೇಕು.

ಗಣಿ ಮುಗಿದ ನಂತರದ ಪೀಳಿಗೆಗಾಗಿ ಫಾಸ್ಫೇಟ್ ರಾಜಧನದ ಟ್ರಸ್ಟ್ ಸ್ಥಾಪನೆಯಾಗಿತ್ತು; ಆಲೋಚನೆ ಸರಿಯಾಗಿಯೇ ಇತ್ತು. ಕೆಟ್ಟದ್ದು ನಿರ್ವಹಣೆಯಲ್ಲಿ. ಟ್ರಸ್ಟಿನ ಹಣ ಮೆಲ್ಬರ್ನ್‌ನ 52 ಅಂತಸ್ತಿನ ನೌರು ಹೌಸ್‌ನಂಥ ಆಸ್ತಿಗಳಿಗೆ ಹೋಯಿತು. 1993ರಲ್ಲಿ ಲಂಡನ್ನಿನ ಸಂಗೀತ ನಾಟಕವೊಂದಕ್ಕೂ ಹೋಗಿ ಮುಳುಗಿತು. ಅಷ್ಟು ಚಿಕ್ಕ ದೇಶ ನಡೆಸಿದ ವಿಮಾನ ಸಂಸ್ಥೆ ವರ್ಷವರ್ಷವೂ ಬೊಕ್ಕಸವನ್ನು ಹೀರಿತು. ಆದಾಯ ಇಳಿದಾಗ ಖರ್ಚು ಇಳಿಸದೆ, ಆಸ್ತಿಗಳನ್ನೇ ಅಡವಿಟ್ಟು ಸಾಲ ತಂದರು. ಸಾಲ ತೀರಿಸಲಾಗದೆ 2004ರಲ್ಲಿ ನೌರು ಹೌಸ್ ಕೈತಪ್ಪಿತು; 2005ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ಒಂದು ಬೋಯಿಂಗ್ 737 ವಿಮಾನವನ್ನೂ ಸಾಲ ಕೊಟ್ಟವರು ಜಪ್ತಿ ಮಾಡಿದರು. ಸರ್ಕಾರಿ ಬ್ಯಾಂಕು ಕುಸಿದಾಗ ಸಾಮಾನ್ಯರ ಠೇವಣಿಯೂ ಸಿಕ್ಕಿಹಾಕಿಕೊಂಡಿತು. ಆ ನಡುವೆ 1990ರ ದಶಕದಲ್ಲಿ, ಕಟ್ಟಡವೂ ಇಲ್ಲದ, ಸಿಬ್ಬಂದಿಯೂ ಇಲ್ಲದ ನೂರಾರು ಬ್ಯಾಂಕುಗಳಿಗೆ ಪರವಾನಗಿ ಮಾರಿ, ಹಣ ಅಕ್ರಮ ವರ್ಗಾವಣೆಯ ತಾಣವೆಂಬ ಅಪಖ್ಯಾತಿಯನ್ನೂ ಕಟ್ಟಿಕೊಂಡರು.

ನನ್ನ ವೃತ್ತಿಯ ಕಣ್ಣಿಗೆ ಎಲ್ಲಕ್ಕಿಂತ ಎದ್ದು ಕಾಣುವ ಸಂಗತಿ ಬೇರೆಯದು. 2014ರವರೆಗೂ ಅಲ್ಲಿ ಆದಾಯ ತೆರಿಗೆಯೇ ಇರಲಿಲ್ಲ. ತೆರಿಗೆ ಕೊಡದ ಪ್ರಜೆ ಲೆಕ್ಕ ಕೇಳುವುದೂ ಕಡಿಮೆ. ಸರ್ಕಾರದ ಹಣ ನೆಲದಿಂದ ತಾನಾಗಿ ಬರುವಾಗ, ಲೆಕ್ಕಪತ್ರ ವರ್ಷಗಟ್ಟಲೆ ಮಂಡನೆಯಾಗದಿದ್ದರೂ ಯಾರ ಮನೆಯ ಒಲೆಯೂ ಆರುವುದಿಲ್ಲ. ಅದು ಆರುವ ಹೊತ್ತಿಗೆ ಕೇಳಲು ಲೆಕ್ಕವೇ ಉಳಿದಿರುವುದಿಲ್ಲ.

ಉತ್ತರ: ವಕೀಲ, ಧಾರವಾಡ

ಮೇಡಂ ಹೇಳಿದ ಲೆಕ್ಕ ಸರಿ. ಆದರೆ ಆ ಮೂರನೆಯ ಒಂದು ಭಾಗದ ಹೊಣೆಗಾರಿಕೆಯ ಬಗ್ಗೆ ನೌರು ಸುಮ್ಮನಿರಲಿಲ್ಲ ಎಂಬುದನ್ನು ದಾಖಲಿಸಬೇಕು. ಈ ವಿಷಯದ ತನಿಖೆಗಾಗಿ ನೇಮಕವಾದ ಆಯೋಗದ ಅಧ್ಯಕ್ಷರಾಗಿದ್ದವರು ಶ್ರೀಲಂಕಾದ ನ್ಯಾಯಶಾಸ್ತ್ರಜ್ಞ ಕ್ರಿಸ್ಟೋಫರ್ ವೀರಮಂತ್ರಿ. ಮುಂದೆ ಅವರು ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1989ರಲ್ಲಿ ನೌರು ಆಸ್ಟ್ರೇಲಿಯದ ವಿರುದ್ಧ ಹೇಗ್‌ನ ಆ ನ್ಯಾಯಾಲಯಕ್ಕೆ ಹೋಯಿತು. ಬ್ರಿಟನ್ ಮತ್ತು ನ್ಯೂಜಿಲೆಂಡನ್ನು ಬಿಟ್ಟು ತನ್ನೊಬ್ಬನ ಮೇಲೆ ಮೊಕದ್ದಮೆ ನಡೆಯಲಾಗದು ಎಂದು ಆಸ್ಟ್ರೇಲಿಯ ವಾದಿಸಿತು. 1992ರ ಜೂನ್ 26ರಂದು ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿ, ವಿಚಾರಣೆ ತನ್ನ ವ್ಯಾಪ್ತಿಯಲ್ಲಿದೆ ಎಂದಿತು. ಮುಂದಿನ ವರ್ಷವೇ ಆಸ್ಟ್ರೇಲಿಯ ರಾಜಿಗೆ ಬಂದು 10.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 5 ಕೋಟಿ 20 ವರ್ಷಗಳ ಕಂತು. ಬ್ರಿಟನ್ ಮತ್ತು ನ್ಯೂಜಿಲೆಂಡ್ ತಲಾ 1.2 ಕೋಟಿ ಡಾಲರನ್ನು ಆಸ್ಟ್ರೇಲಿಯಕ್ಕೆ ತುಂಬಿಕೊಟ್ಟವು. ಒಡೆತನವಿದ್ದ ಮಹಾದೇಶವನ್ನು ಹತ್ತು ಸಾವಿರ ಜನರ ದೇಶವೊಂದು ನ್ಯಾಯಾಲಯದ ಕಟ್ಟೆ ಹತ್ತಿಸಿದ್ದು ಸಣ್ಣ ಸಂಗತಿಯಲ್ಲ.

ಅದಕ್ಕೂ ಹಿಂದೆ, 1960ರ ದಶಕದಲ್ಲಿ, ಇಡೀ ಜನಾಂಗವನ್ನು ಕ್ವೀನ್ಸ್‌ಲೆಂಡ್ ಕರಾವಳಿಯ ಕರ್ಟಿಸ್ ದ್ವೀಪಕ್ಕೆ ಸ್ಥಳಾಂತರಿಸುವ ಪ್ರಸ್ತಾಪವನ್ನು ಆಸ್ಟ್ರೇಲಿಯ ಮುಂದಿಟ್ಟಿತ್ತು. ಅಲ್ಲಿ ಸಾರ್ವಭೌಮತ್ವ ಸಿಗುವುದಿಲ್ಲ, ಆಸ್ಟ್ರೇಲಿಯದ ಪ್ರಜೆಗಳಾಗಿ ಕರಗಿಹೋಗುತ್ತೇವೆ ಎಂದು ಮುಂದೆ ಮೊದಲ ಅಧ್ಯಕ್ಷರಾದ ಹ್ಯಾಮರ್ ಡಿರಾಬರ್ಟ್ ಮತ್ತು ಸಂಗಡಿಗರು 1964ರಲ್ಲಿ ಅದನ್ನು ನಿರಾಕರಿಸಿದರು. ಈ ನಿರಾಕರಣೆಯ ತೂಕ ತಿಳಿಯಬೇಕಾದರೆ ಅವರ ಜನಸಂಖ್ಯೆಯ ಇತಿಹಾಸ ಗೊತ್ತಿರಬೇಕು. ಎರಡನೆಯ ಮಹಾಯುದ್ಧದಲ್ಲಿ ದ್ವೀಪವನ್ನು ಹಿಡಿದ ಜಪಾನ್ ಪಡೆ ಸುಮಾರು 1,200 ನೌರು ಜನರನ್ನು ಟ್ರುಕ್ ದ್ವೀಪಗಳಿಗೆ ಸಾಗಿಸಿತು. ಕುಷ್ಠರೋಗಿಗಳಾಗಿದ್ದ 39 ಮಂದಿಯನ್ನು ದೋಣಿಗೆ ಹತ್ತಿಸಿ ಸಮುದ್ರದಲ್ಲಿ ಮುಳುಗಿಸಿತು. ಟ್ರುಕ್‌ಗೆ ಹೋದವರಲ್ಲಿ 460ಕ್ಕೂ ಹೆಚ್ಚು ಮಂದಿ ಹಸಿವು, ರೋಗ, ಬಾಂಬ್ ದಾಳಿಗಳಿಗೆ ತುತ್ತಾದರು. ಬದುಕಿ ಉಳಿದವರು ತಾಯ್ನೆಲಕ್ಕೆ ಮರಳಿದ್ದು 1946ರ ಜನವರಿ 31ರಂದು. ಸ್ವಾತಂತ್ರ್ಯಕ್ಕೆ ಅದೇ ದಿನವನ್ನು ಅವರು ಆರಿಸಿಕೊಂಡರು. ಅಕ್ಟೋಬರ್ 26ರಂದು ಆಚರಿಸುವ 'ಅಂಗಾಮ್' ದಿನವಂತೂ, ಜನಾಂಗವಾಗಿ ಉಳಿಯಲು ಬೇಕೆಂದು ಎಣಿಸಿದ್ದ 1,500ರ ಸಂಖ್ಯೆಯನ್ನು 1932ರಲ್ಲಿ ಮುಟ್ಟಿದ್ದರ ನೆನಪು. ಒಂದು ಮಗುವಿನ ಜನನ ರಾಷ್ಟ್ರೀಯ ಹಬ್ಬವಾಗುವ ದೇಶ ಅದು.

ಆಡಳಿತದ ಬಗ್ಗೆ: ಅಧಿಕೃತ ರಾಜಧಾನಿಯಿಲ್ಲ, ಸಂಸತ್ತು ಯಾರೆನ್ ಜಿಲ್ಲೆಯಲ್ಲಿದೆ. 14 ಜಿಲ್ಲೆಗಳು 8 ಕ್ಷೇತ್ರಗಳಾಗಿ ಸೇರಿ 19 ಸದಸ್ಯರನ್ನು 3 ವರ್ಷಕ್ಕೊಮ್ಮೆ ಆರಿಸುತ್ತವೆ. ಸದಸ್ಯರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಅಧ್ಯಕ್ಷರೇ ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರು ಸಹ. ಮತದಾನ ಕಡ್ಡಾಯ, ವಯೋಮಿತಿ 20. ಮತದಾರರು ಅಭ್ಯರ್ಥಿಗಳನ್ನೆಲ್ಲ ಕ್ರಮವಾಗಿ ಗುರುತಿಸಬೇಕು. ಮೊದಲ ಆಯ್ಕೆಗೆ ಒಂದು ಅಂಕ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೆಯ ಒಂದು, ಹೀಗೆ ಕೂಡಿಸುತ್ತಾರೆ. 1971ರಿಂದ ಇರುವ ಈ ಪದ್ಧತಿಗೆ ಅದನ್ನು ರೂಪಿಸಿದ ಡೌಡಲ್ ಅವರ ಹೆಸರೇ ನಿಂತಿದೆ. ಪಕ್ಷಗಳ ಬೇರು ಗಟ್ಟಿಯಿಲ್ಲ. ಬಂಧುತ್ವ, ಜಿಲ್ಲೆ, ವೈಯಕ್ತಿಕ ನಿಷ್ಠೆಗಳ ಮೇಲೆ ಗುಂಪುಗಳು ಕೂಡುತ್ತವೆ, ಒಡೆಯುತ್ತವೆ. 2003ರ ಒಂದೇ ವರ್ಷದಲ್ಲಿ ನಾಲ್ವರು ಅಧ್ಯಕ್ಷ ಸ್ಥಾನದಲ್ಲಿ ಕುಳಿತರು. ಟ್ರಸ್ಟಿನ ಹಣ ಕಾಯಬೇಕಾಗಿದ್ದ ಕಾಲದಲ್ಲಿ ಕಾಯುವವರೇ ಹೀಗೆ ಬದಲಾಗುತ್ತಿದ್ದರೆ ಮೇಡಂ ಹೇಳಿದ ಫಲಿತಾಂಶ ಬರದೆ ಇದ್ದೀತೆ? ನನ್ನನ್ನು ಇನ್ನೂ ಹೆಚ್ಚು ಕಾಡುವುದು ನ್ಯಾಯಾಂಗದ ಸ್ಥಿತಿ. 2014ರಲ್ಲಿ ಅಲ್ಲಿನ ಮ್ಯಾಜಿಸ್ಟ್ರೇಟರನ್ನು ಗಡೀಪಾರು ಮಾಡಿ, ಮುಖ್ಯ ನ್ಯಾಯಮೂರ್ತಿಗಳ ವೀಸಾವನ್ನೇ ರದ್ದು ಮಾಡಿದರು. ಆಸ್ಟ್ರೇಲಿಯದ ಹೈಕೋರ್ಟಿಗೆ ಮೇಲ್ಮನವಿ ಹೋಗುತ್ತಿದ್ದ ವ್ಯವಸ್ಥೆ 2018ರ ಮಾರ್ಚಿನಲ್ಲಿ ಕೊನೆಗೊಂಡಿತು. ಸ್ವಂತ ಮೇಲ್ಮನವಿ ನ್ಯಾಯಾಲಯ ಇರುವುದು ಸಾರ್ವಭೌಮ ದೇಶಕ್ಕೆ ಸಹಜವೇ; ಆದರೆ ಸಂಸತ್ತಿನ ಮುಂದೆ ಪ್ರತಿಭಟಿಸಿದವರ ಮೊಕದ್ದಮೆಗಳು ನಡೆಯುತ್ತಿದ್ದ ಹೊತ್ತಿನಲ್ಲಿ ಹೀಗಾದದ್ದು ಒಳ್ಳೆಯ ಲಕ್ಷಣವಲ್ಲ.

ಉತ್ತರ: ಮೀನುಗಾರಿಕೆ ವೃತ್ತಿಯವ, ಮಲ್ಪೆ

ಇಷ್ಟು ಹೊತ್ತು ನೆಲದ ಮಾತಾಯಿತು. ಆ ದೇಶದ ನಿಜವಾದ ಆಸ್ತಿ ಈಗ ಸಮುದ್ರದಲ್ಲಿದೆ. 21 ಚದರ ಕಿಲೋಮೀಟರ್ ನೆಲದ ಸುತ್ತ, 3 ಲಕ್ಷ ಚದರ ಕಿಲೋಮೀಟರಿಗಿಂತ ಹೆಚ್ಚು ಸಮುದ್ರದ ಮೇಲೆ ಅದಕ್ಕೆ ಆರ್ಥಿಕ ಹಕ್ಕಿದೆ; ಜಗತ್ತಿನ ಟ್ಯೂನಾದ ದೊಡ್ಡ ಪಾಲು ಸಿಗುವುದು ಆ ಭಾಗದ ಸಮುದ್ರದಲ್ಲಿ. ನಮ್ಮ ಕರಾವಳಿಯಲ್ಲಿ ಪರ್ಸೀನ್ ಬಲೆ ಎಲ್ಲರಿಗೂ ಗೊತ್ತು: ಮೀನಿನ ಹಿಂಡನ್ನು ಸುತ್ತುವರಿದು ಬಲೆ ಬಿಟ್ಟು, ತಳದ ಹಗ್ಗ ಎಳೆದು ಚೀಲದ ಬಾಯಿಯಂತೆ ಬಿಗಿಯುವುದು. ಅಲ್ಲಿ ಅದೇ ಕೆಲಸವನ್ನು ತೈವಾನ್, ಕೊರಿಯಾ, ಜಪಾನ್, ಅಮೆರಿಕ, ಚೀನಾಗಳ ಭಾರಿ ಹಡಗುಗಳು ಮಾಡುತ್ತವೆ. ಮೊದಲು ಪ್ರತಿಯೊಂದು ದ್ವೀಪದೇಶವೂ ಬೇರೆ ಬೇರೆಯಾಗಿ ಪರವಾನಗಿ ಕೊಡುತ್ತಿತ್ತು. ಒಂದು ದೇಶ ದರ ಏರಿಸಿದರೆ ಹಡಗಿನವರು ಪಕ್ಕದ ದೇಶಕ್ಕೆ ಹೋಗುತ್ತಿದ್ದರು. ಆದ್ದರಿಂದ 1982ರಲ್ಲಿ ಕೆಲವು ದೇಶಗಳು ಒಟ್ಟಾಗಿ ಸಹಿ ಮಾಡಿದವು. ಆ ಒಪ್ಪಂದಕ್ಕೆ ನೌರುವಿನ ಹೆಸರೇ ಇದೆ. ಈಗ ಎಂಟು ಸದಸ್ಯರಿದ್ದಾರೆ: ಮೈಕ್ರೊನೇಷ್ಯ, ಕಿರಿಬಾಟಿ, ಮಾರ್ಷಲ್ ದ್ವೀಪಗಳು, ನೌರು, ಪಲಾವು, ಪಪುವ ನ್ಯೂಗಿನಿ, ಸಾಲೊಮನ್ ದ್ವೀಪಗಳು ಮತ್ತು ತುವಾಲು.

ಇವರು ಮಾರುವುದು ಮೀನನ್ನಲ್ಲ, ದಿನವನ್ನು. ವರ್ಷಕ್ಕೆ ಒಟ್ಟು ಇಷ್ಟು ಮೀನುಗಾರಿಕೆ ದಿನಗಳು ಎಂದು ನಿಗದಿ ಮಾಡಿ ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ತಮ್ಮ ನೀರಿನಲ್ಲಿ ಹಡಗೊಂದು ಬಲೆ ಬಿಡುವ ಪ್ರತಿ ದಿನಕ್ಕೂ ಹಣ. 2015ರಿಂದ ದಿನಕ್ಕೆ ಕನಿಷ್ಠ ದರ 8,000 ಅಮೆರಿಕನ್ ಡಾಲರ್. ಎಲ್ ನಿನೊ ವರ್ಷಗಳಲ್ಲಿ ಬೆಚ್ಚನೆಯ ನೀರಿನೊಂದಿಗೆ ಟ್ಯೂನಾ ಪೂರ್ವಕ್ಕೆ ಸರಿದರೆ, ಮೀನು ಇಲ್ಲದ ದೇಶ ತನ್ನ ದಿನಗಳನ್ನು ಮೀನು ಇರುವ ದೇಶಕ್ಕೆ ಮಾರಬಹುದು. ಹಡಗಿನವನು ಮೀನು ಹಿಡಿದನೋ ಬಿಟ್ಟನೋ, ದಿನದ ಬಾಡಿಗೆ ಬರುತ್ತದೆ. ಒಟ್ಟು ದಿನಗಳಿಗೆ ಮಿತಿಯಿರುವುದರಿಂದ ಮೀನಿನ ಸಂತತಿಯೂ ಉಳಿಯುತ್ತದೆ. ಅಧ್ಯಾಪಕರ ಪ್ರಶ್ನೆಗೆ ಇಲ್ಲಿ ಉತ್ತರವಿದೆ ಎಂದು ನನಗನ್ನಿಸುತ್ತದೆ: ಇಲ್ಲಿ ಬೆಲೆ ಕಟ್ಟಿದವರು ಅವರೇ.

ಉತ್ತರ: ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗ

ಇಲ್ಲಿನ ಸುದ್ದಿಗಳಲ್ಲಿ ನೌರುವಿನ ಹೆಸರು ಬರುವುದು ಮೀನಿಗಾಗಿ ಅಲ್ಲ, ಬಂಧನ ಕೇಂದ್ರಕ್ಕಾಗಿ. 2001ರಲ್ಲಿ, ಸಮುದ್ರದಲ್ಲಿ ಆಶ್ರಯಾರ್ಥಿಗಳನ್ನು ರಕ್ಷಿಸಿ ತಂದ ಟಾಂಪಾ ಹಡಗನ್ನು ಆಸ್ಟ್ರೇಲಿಯ ತಡೆದ ಪ್ರಕರಣದ ನಂತರ, ದೋಣಿಯಲ್ಲಿ ಬರುವ ಆಶ್ರಯಾರ್ಥಿಗಳನ್ನು ನೌರುವಿಗೆ ಕಳಿಸುವ ನೀತಿಯನ್ನು ಆಸ್ಟ್ರೇಲಿಯ ತಂದಿತು. 2008ರಲ್ಲಿ ಕೇಂದ್ರ ಮುಚ್ಚಿ, 2012ರಲ್ಲಿ ಮತ್ತೆ ತೆರೆಯಿತು. ಮಕ್ಕಳೂ ಸೇರಿದಂತೆ ಅಲ್ಲಿದ್ದವರ ಮಾನಸಿಕ ಸ್ಥಿತಿಯ ವಿವರಗಳನ್ನು ಓದಿದ ಯಾರಿಗೂ ಇದನ್ನು ಬರೀ ಆದಾಯದ ಮೂಲವೆಂದು ಕರೆಯಲು ಮನಸ್ಸು ಬಾರದು. ಆದರೂ ದಿವಾಳಿಯ ಅಂಚಿನಲ್ಲಿದ್ದ ಬೊಕ್ಕಸವನ್ನು ಎತ್ತಿ ನಿಲ್ಲಿಸಿದ್ದು ಆ ಹಣವೇ ಎಂಬುದು ವಾಸ್ತವ. 2025ರ ಆಗಸ್ಟಿನಲ್ಲಿ, ತಾನು ಇರಿಸಿಕೊಳ್ಳಲು ಒಪ್ಪದ ವಿದೇಶಿಯರ ಗುಂಪೊಂದನ್ನು ನೌರುವಿನಲ್ಲಿ ನೆಲೆಗೊಳಿಸಲು ಆಸ್ಟ್ರೇಲಿಯ ಆರಂಭದಲ್ಲೇ 40 ಕೋಟಿಗೂ ಹೆಚ್ಚು ಆಸ್ಟ್ರೇಲಿಯನ್ ಡಾಲರ್, ಆಮೇಲೆ ವರ್ಷಕ್ಕೆ ಸುಮಾರು 7 ಕೋಟಿ ಡಾಲರ್ ಕೊಡುವ ಒಪ್ಪಂದ ಮಾಡಿಕೊಂಡಿತು.

ಇದರ ಜೊತೆಗೆ ಇನ್ನೊಂದನ್ನು ಓದಬೇಕು. 2024ರ ಜನವರಿಯಲ್ಲಿ ನೌರು ತೈವಾನಿನ ಮಾನ್ಯತೆ ಬಿಟ್ಟು ಚೀನಾದ ಕಡೆ ತಿರುಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಸ್ಟ್ರೇಲಿಯದೊಂದಿಗೆ ಸಹಿಯಾದ ಒಪ್ಪಂದದ ಪ್ರಕಾರ, ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕ ಕ್ಷೇತ್ರಗಳಲ್ಲಿ ಬೇರೆ ದೇಶದವರನ್ನು ತರುವ ಮುನ್ನ ನೌರು ಆಸ್ಟ್ರೇಲಿಯದ ಒಪ್ಪಿಗೆ ಪಡೆಯಬೇಕು. ಪ್ರತಿಯಾಗಿ ಐದು ವರ್ಷಗಳಲ್ಲಿ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ಬಜೆಟ್ ನೆರವು. ದೇಶದಲ್ಲಿದ್ದ ಒಂದೇ ಬ್ಯಾಂಕ್ ಹೊರಟುಹೋಗುವ ಸಂದರ್ಭದಲ್ಲಿ ಆಸ್ಟ್ರೇಲಿಯದ ಕಾಮನ್‌ವೆಲ್ತ್ ಬ್ಯಾಂಕ್ ಆ ಜಾಗಕ್ಕೆ ಬಂದದ್ದೂ ಈ ಹಿನ್ನೆಲೆಯಲ್ಲಿಯೇ.

ಉತ್ತರ: ಅರ್ಥಶಾಸ್ತ್ರ ಅಧ್ಯಾಪಕ, ಮೈಸೂರು

ಲೆಕ್ಕಪರಿಶೋಧಕಿ ಮೇಡಂ ಎತ್ತಿದ ಆಕ್ಷೇಪ ನ್ಯಾಯವಾದದ್ದು. ನನ್ನ ಉತ್ತರ ಇಷ್ಟು: 1970ರ ನಂತರ ಬೆಲೆ ಸಿಕ್ಕಿತು, ಆದರೆ ಅರವತ್ತು ವರ್ಷ ಆಡಳಿತದ ಅನುಭವವೇ ಕೊಡದೆ ಇಟ್ಟಿದ್ದ ಕೆಲವೇ ಸಾವಿರ ಜನರ ಕೈಗೆ ಆ ಹಣ ಒಮ್ಮೆಗೇ ಬಂತು. ಸಲಹೆಗಾರರಾಗಿ ಬಂದ ಹೊರಗಿನವರಲ್ಲಿ ಅನೇಕರು ಟ್ರಸ್ಟನ್ನು ಮೇಯಲು ಬಂದವರೇ. ಮುಖಂಡರ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಆ ಪಾಠದ ಫಲವಾಗಿಯೇ 2015ರಲ್ಲಿ ಸ್ಥಾಪನೆಯಾದ ಹೊಸ ಪೀಳಿಗೆ ನಿಧಿಯಲ್ಲಿ, ಹಣ ಹಾಕುವ ಆಸ್ಟ್ರೇಲಿಯ, ಏಷ್ಯಾ ಅಭಿವೃದ್ಧಿ ಬ್ಯಾಂಕುಗಳಂಥ ಪಾಲುದಾರರನ್ನೂ ಮೇಲ್ವಿಚಾರಣೆಗೆ ಸೇರಿಸಿಕೊಂಡಿದ್ದಾರೆ.

ಮಲ್ಪೆಯವರು ಹೇಳಿದ ಟ್ಯೂನಾ ದಿನಗಳಿಗೂ ಮೆಲ್ಬರ್ನ್‌ನವರು ಹೇಳಿದ ಬಂಧನ ಕೇಂದ್ರಕ್ಕೂ ಇರುವ ಅಂತರವೇ ನನ್ನ ಮಾತಿನ ತಿರುಳು. ಎರಡರಲ್ಲೂ ನೌರು ಮಾರುತ್ತಿರುವುದು ತನ್ನ ದೇಶತನವನ್ನೇ. ಟ್ಯೂನಾದಲ್ಲಿ ಕೊಳ್ಳುವವರು ಹಲವರು, ಮಾರುವವರು ಒಗ್ಗಟ್ಟಾಗಿದ್ದಾರೆ, ಬೆಲೆ ಮಾರುವವರದು. ಬಂಧನ ಕೇಂದ್ರದಲ್ಲಿ ಕೊಳ್ಳುವವನು ಒಬ್ಬನೇ. ಅವನ ದೇಶದ ಚುನಾವಣೆಯ ಫಲಿತಾಂಶದ ಮೇಲೆ ನೌರುವಿನ ಬಜೆಟ್ ಹಿಗ್ಗುತ್ತದೆ, ಕುಗ್ಗುತ್ತದೆ. 2025ರಲ್ಲಿ, ಆಗಿನ ಕನಿಷ್ಠ ದರ 1,05,000 ಅಮೆರಿಕನ್ ಡಾಲರಿನೊಂದಿಗೆ ಆರಂಭವಾದ ಪೌರತ್ವ ಮಾರುವ ಯೋಜನೆಯನ್ನೂ ಇದೇ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ಅದರ ಹಣದಿಂದ ಜನರನ್ನು ಕರಾವಳಿ ಪಟ್ಟಿಯಿಂದ ಟಾಪ್‌ಸೈಡ್‌ಗೆ ಸ್ಥಳಾಂತರಿಸುವುದಾಗಿ ಸರ್ಕಾರ ಹೇಳಿದೆ, ಉದ್ದೇಶ ಒಳ್ಳೆಯದು. ಆದರೆ ಪಾಸ್‌ಪೋರ್ಟ್ ಮಾರುವ ದೇಶಗಳು ಹಲವಿವೆ, ಅವುಗಳ ನಡುವೆ ಟ್ಯೂನಾದಂಥ ಒಗ್ಗಟ್ಟಿಲ್ಲ. ಜೊತೆಗೆ, ಬೇರೆ ದೇಶಗಳು ವೀಸಾ ರಿಯಾಯಿತಿ ಹಿಂತೆಗೆದ ದಿನ ಆ ಪುಸ್ತಕದ ಬೆಲೆ ಬಿದ್ದುಹೋಗುತ್ತದೆ.

ಆಳಸಮುದ್ರದ ಗಣಿಗಾರಿಕೆಯಲ್ಲಂತೂ ಇದು ಕಣ್ಣೆದುರೇ ನಡೆಯುತ್ತಿದೆ. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದ ಸಮುದ್ರತಳದಲ್ಲಿ ನಿಕಲ್, ಕೋಬಾಲ್ಟ್, ಮ್ಯಾಂಗನೀಸ್ ತುಂಬಿದ ಗಡ್ಡೆಗಳಿವೆ. ಅಂತರರಾಷ್ಟ್ರೀಯ ಕಾನೂನಿನಂತೆ ಅಲ್ಲಿಗೆ ಹೋಗುವ ಕಂಪನಿಗೆ ಒಂದು ದೇಶದ ಪ್ರಾಯೋಜಕತ್ವ ಬೇಕು. ಕೆನಡಾದ ದಿ ಮೆಟಲ್ಸ್ ಕಂಪನಿಯ ಅಂಗಸಂಸ್ಥೆಗೆ ನೌರು ಆ ಪ್ರಾಯೋಜಕತ್ವ ಕೊಟ್ಟಿತು. 2021ರ ಜೂನಿನಲ್ಲಿ, ಎರಡು ವರ್ಷದೊಳಗೆ ಗಣಿ ನಿಯಮಗಳನ್ನು ಪೂರ್ಣಗೊಳಿಸಬೇಕೆಂಬ ಕಲಮನ್ನು ಬಳಸಿ, ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಮೇಲೆ ಒತ್ತಡವನ್ನೂ ಹಾಕಿತು. ನೆರೆಯ ಪೆಸಿಫಿಕ್ ದೇಶಗಳಲ್ಲಿ ಹಲವು ಇದನ್ನು ವಿರೋಧಿಸಿದವು. ತನ್ನ ನೆಲವನ್ನು ಗಣಿಗೆ ಕಳೆದುಕೊಂಡ ದೇಶವೇ ಸಮುದ್ರತಳದ ಗಣಿಗೆ ಬಾಗಿಲು ತೆರೆಯಲು ಮುಂದಾದದ್ದು ನನಗೂ ಕಸಿವಿಸಿಯ ಸಂಗತಿ. 2025ರ ಏಪ್ರಿಲಿನಲ್ಲಿ ಆ ಕಂಪನಿ, ತನ್ನ ಅಮೆರಿಕನ್ ಅಂಗಸಂಸ್ಥೆಯ ಮೂಲಕ, ಪ್ರಾಧಿಕಾರವನ್ನು ಬದಿಗಿಟ್ಟು ಅಮೆರಿಕದ 1980ರ ಕಾನೂನಿನಡಿ ಅಲ್ಲಿನ ಸರ್ಕಾರಕ್ಕೇ ಅರ್ಜಿ ಹಾಕಿತು. ಅಮೆರಿಕದ ಪರವಾನಗಿಯೇ ಸಾಕು ಎಂದಾದರೆ ನೌರುವಿನ ಸಹಿಗೆ ಆ ಕಂಪನಿಯೊಂದಿಗೆ ಚೌಕಾಸಿ ಮಾಡುವ ಬಲ ಎಷ್ಟು ಉಳಿಯುತ್ತದೆ? ಸಾಗರ ಕಾನೂನಿನ ಒಪ್ಪಂದಕ್ಕೆ ಅಮೆರಿಕ ಸದಸ್ಯನಲ್ಲ, ನೌರು ಸದಸ್ಯ. ಈ ಕಾನೂನಿನ ಅಂಶದ ಬಗ್ಗೆ ಧಾರವಾಡದ ವಕೀಲರು ಇನ್ನಷ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.